ಒಂದೇ ಗಡಿಯಾರಕ್ಕೆ ಜೋತುಬಿದ್ದ ಮೂವರು

ಕೇಳುಗರಿಗೆ ನಮಸ್ಕಾರ.

ಸಿನಿಮಾ ಮುಗಿದು ಹೊರಗೆ ಬಂದ ಮೇಲೆ ನಡೆಯುವ ಮಾತುಕತೆಯಲ್ಲೇ ಸಿನಿಮಾದ ಅರ್ಧ ಸುಖವಿದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ಮೈಸೂರಿನಲ್ಲಿ ನಾವು ನಾಲ್ವರು ಬಹಳ ವರ್ಷಗಳಿಂದ ಒಟ್ಟಿಗೆ ಸಿನಿಮಾ ನೋಡುತ್ತೇವೆ, ಒಟ್ಟಿಗೆ ಕಾಫಿ ಕುಡಿಯುತ್ತೇವೆ, ಒಟ್ಟಿಗೆ ಜಗಳವಾಡುತ್ತೇವೆ. ಒಬ್ಬರು ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು. ವಿಜ್ಞಾನದ ಕಲ್ಪನೆಯುಳ್ಳ ಚಿತ್ರವೆಂದರೆ ಅವರಿಗೆ ಪ್ರಾಣ, ಅಂಥ ಚಿತ್ರದಲ್ಲಿ ತಪ್ಪು ಹುಡುಕುವುದೆಂದರೆ ಇನ್ನೂ ಹೆಚ್ಚಿನ ಪ್ರಾಣ. ಇನ್ನೊಬ್ಬರು ಬಸ್ಸಿನ ಚಾಲಕರಾಗಿದ್ದವರು. ಹೊಡೆದಾಟವಿಲ್ಲದ ಚಿತ್ರ ಅವರ ಪಾಲಿಗೆ ಉಪ್ಪಿಲ್ಲದ ಸಾರು. ಮೂರನೆಯವಳು ನನ್ನ ಅಕ್ಕ. ನಗಿಸದ ಚಿತ್ರಕ್ಕೆ ಕೊಟ್ಟ ದುಡ್ಡು ದಂಡ ಎಂಬುದು ಅವಳ ತೀರ್ಪು. ನಾಲ್ಕನೆಯವನಾದ ನಾನು ಮೂವರ ಮಾತಿಗೂ ತಲೆಯಾಡಿಸಿ ಮೂವರಿಂದಲೂ ಬೈಸಿಕೊಳ್ಳುವವನು.

ನಮ್ಮ ಜಗಳಗಳೆಲ್ಲ ಕೊನೆಗೆ ಒಂದು ಮಾತಿನ ಬಳಿ ಬಂದು ಮುಗ್ಗರಿಸುತ್ತಿದ್ದವು. ಇಂದು ಕರ್ನಾಟಕದ ಯಾವ ಚಿತ್ರಮಂದಿರದ ಮುಂದೆ ನಿಂತರೂ ಆ ಮಾತು ಕಿವಿಗೆ ಬೀಳುತ್ತದೆ: ‘ಲಾಜಿಕ್ ಎಲ್ಲಾ ಕೇಳಬೇಡಿ, ಮಜಾ ತಗೊಳ್ಳಿ.’ ಹೊಡೆದಾಟದ ಚಿತ್ರವನ್ನು ಯಾರಾದರೂ ಟೀಕಿಸಿದರೆ ಈ ಮಾತು ಬರುತ್ತದೆ, ಹಾಸ್ಯಚಿತ್ರ ಹಳಸಲು ಎಂದರೂ ಬರುತ್ತದೆ, ಆಕಾಶನೌಕೆಯ ಕಥೆಯಲ್ಲಿ ಒಂದು ತೂತು ಕಂಡಿತೆಂದರೂ ಬರುತ್ತದೆ. ಈ ಮಾತು ನನಗೆ ಎಂದೂ ಹಿಡಿಸಲಿಲ್ಲ. ಈ ಮೂರು ಬಗೆಯ ಚಿತ್ರಗಳಿಗೂ ಲಾಜಿಕ್ ಇದೆ. ಆದರೆ ಒಂದರ ಲಾಜಿಕ್ಕನ್ನು ಇನ್ನೊಂದಕ್ಕೆ ಹಿಡಿದು ನೋಡಿದಾಗ ಇಲ್ಲದಂತೆ ಕಾಣುತ್ತದೆ, ರಾಗಿಯ ಸೇರಿನಲ್ಲಿ ಹಾಲು ಅಳೆಯಲು ಹೊರಟ ಹಾಗೆ. ಇದನ್ನು ತೋರಿಸಲು ನನಗೆ ಒಂದು ವಿಚಿತ್ರವಾದ ಸಾಕ್ಷಿ ಸಿಕ್ಕಿದೆ. ಸಿನಿಮಾದ ಚರಿತ್ರೆಯಲ್ಲಿ ಹಾಸ್ಯ, ಸಾಹಸ ಮತ್ತು ವಿಜ್ಞಾನದ ಕಲ್ಪನೆ, ಮೂರೂ ಒಮ್ಮೊಮ್ಮೆ ಎತ್ತರದ ಗಡಿಯಾರವೊಂದಕ್ಕೆ ಜೋತುಬಿದ್ದಿವೆ.

ಮೊದಲು ಜೋತುಬಿದ್ದವನು ಹಾಸ್ಯಗಾರ. 1923ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಸೇಫ್ಟಿ ಲಾಸ್ಟ್’ ಎಂಬ ಮೂಕಿಚಿತ್ರದಲ್ಲಿ ಹೆರಾಲ್ಡ್ ಲಾಯ್ಡ್ ದೊಡ್ಡ ಅಂಗಡಿಯೊಂದರಲ್ಲಿ ಬಟ್ಟೆ ಅಳೆದು ಕೊಡುವ ಬಡ ನೌಕರ. ಅಂಗಡಿಗೆ ಜನ ಸೇರಿಸುವವರಿಗೆ ಸಾವಿರ ಡಾಲರ್ ಬಹುಮಾನ ಸಿಗುತ್ತದೆಂದು ತಿಳಿದು, ಗೋಡೆ ಹತ್ತುವುದರಲ್ಲಿ ನಿಪುಣನಾದ ಗೆಳೆಯನಿಂದ ಆ ಕಟ್ಟಡವನ್ನು ಹತ್ತಿಸುವ ಉಪಾಯ ಹೂಡುತ್ತಾನೆ. ಆದರೆ ಆ ದಿನ ಗೆಳೆಯನ ಬೆನ್ನಿಗೆ ಪೊಲೀಸನೊಬ್ಬ ಬಿದ್ದಿರುತ್ತಾನೆ. ಹೀಗಾಗಿ ನಮ್ಮ ನಾಯಕ ಒಂದೇ ಒಂದು ಮಹಡಿ ಹತ್ತಬೇಕು, ಅಲ್ಲಿಂದ ಮುಂದೆ ಗೆಳೆಯ ಹತ್ತುತ್ತಾನೆ ಎಂಬುದು ಒಪ್ಪಂದ. ಆ ಮಹಡಿಗೆ ಬಂದಾಗ ಕಿಟಕಿಯಲ್ಲಿ ಗೆಳೆಯ ಕಾಣಿಸಿಕೊಂಡು, ಪೊಲೀಸ ಇನ್ನೂ ಬಿಟ್ಟಿಲ್ಲ, ಇನ್ನೊಂದು ಮಹಡಿ ಹತ್ತು ಎನ್ನುತ್ತಾನೆ. ಅಲ್ಲಿಗೂ ಹೋದರೆ ಮತ್ತೊಂದು. ನಡುವೆ ಪಾರಿವಾಳಗಳು ಮುತ್ತಿಕೊಳ್ಳುತ್ತವೆ, ಬಲೆಯೊಂದು ಮೈಗೆ ಸುತ್ತಿಕೊಳ್ಳುತ್ತದೆ. ಹೀಗೆ ಹತ್ತುತ್ತಾ ಹತ್ತುತ್ತಾ ಗಡಿಯಾರದ ದೊಡ್ಡ ಮುಳ್ಳು ಕೈಗೆ ಸಿಗುತ್ತದೆ, ಮುಳ್ಳು ಕೆಳಗೆ ವಾಲುತ್ತದೆ, ಗಡಿಯಾರದ ಮುಖವೇ ಕಿತ್ತು ಹೊರಗೆ ಬಾಗುತ್ತದೆ.

ಆ ಚಿತ್ರೀಕರಣದ ಗುಟ್ಟು ಈಗ ಎಲ್ಲರಿಗೂ ಗೊತ್ತು. ಲಾಸ್ ಏಂಜಲೀಸಿನ ನಿಜವಾದ ಕಟ್ಟಡಗಳ ತಾರಸಿಯ ಮೇಲೆ ಸುಳ್ಳು ಗೋಡೆ ಕಟ್ಟಿ, ಕೆಳಗಿನ ಬೀದಿ ಕಾಣುವ ಕೋನದಲ್ಲಿ ಕ್ಯಾಮೆರಾ ಇಟ್ಟು ತೆಗೆದ ದೃಶ್ಯ ಅದು. ಲಾಯ್ಡ್‌ನ ಕಾಲಿನ ಕೆಳಗೆ ಹಾಸಿಗೆ ಹಾಸಿದ ಅಟ್ಟಣೆ ಇತ್ತು. ಅಷ್ಟಾದರೂ ಅದು ಸುಲಭದ ಕೆಲಸವಾಗಿರಲಿಲ್ಲ, ಏಕೆಂದರೆ 1919ರಲ್ಲಿ ಆಟಿಕೆಯ ಬಾಂಬೆಂದು ಹಿಡಿದದ್ದು ನಿಜವಾಗಿ ಸಿಡಿದು ಲಾಯ್ಡ್ ತನ್ನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಕಳೆದುಕೊಂಡಿದ್ದ. ಗಡಿಯಾರಕ್ಕೆ ಜೋತುಬಿದ್ದ ಆ ಕೈಗೆ ಕೃತಕ ಬೆರಳುಗಳ ಕೈಗವಸು ತೊಡಿಸಲಾಗಿತ್ತು.

ಅಕ್ಕನ ವಾದವೇನೆಂದರೆ, ಅಲ್ಲಿ ನಗು ಬರುವುದು ಎತ್ತರದಿಂದ ಅಲ್ಲ, ‘ಇನ್ನೊಂದು ಮಹಡಿ’ ಎಂಬ ಮಾತಿನಿಂದ. ಕಚೇರಿಯ ಮೇಜಿನಾಚೆ ಕೂತವರಿಂದ ‘ನಾಳೆ ಬನ್ನಿ’ ಎಂದು ಕೇಳಿಸಿಕೊಂಡು ಹಿಂದಿರುಗಿದ ಯಾರಿಗಾದರೂ ಆ ನಗು ಅರ್ಥವಾಗುತ್ತದೆಯಂತೆ. (ದೆವ್ವವನ್ನೇ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ವಾಪಸು ಕಳಿಸಿದ ಊರಿನವರು ನಾವು.) ಅವಳು ಹೇಳುವುದು ಸರಿ ಎಂದೇ ನನಗೆ ತೋರುತ್ತದೆ. ಹಾಸ್ಯದ ಲಾಜಿಕ್ ಇರುವುದು ಮುಂದೂಡುವುದರಲ್ಲಿ. ಸಮಸ್ಯೆ ಪ್ರತಿ ಬಾರಿಯೂ ಒಂದು ಮೆಟ್ಟಿಲು ಮೇಲೇರಬೇಕು, ಬಿಡುಗಡೆ ಪ್ರತಿ ಬಾರಿಯೂ ಒಂದು ಮೆಟ್ಟಿಲು ದೂರವಾಗಬೇಕು. ನಮ್ಮಲ್ಲಿ ಒಂದು ಕಾಲಕ್ಕೆ ಹಾಸ್ಯವನ್ನು ಬೇರೆಯವರಿಂದಲೇ ಬರೆಸಿ, ಬೇರೆಯಾಗಿಯೇ ಚಿತ್ರೀಕರಿಸಿ, ಎರಡು ಹಾಡುಗಳ ನಡುವೆ ತುರುಕುವ ಕಾಮಿಡಿ ಟ್ರ್ಯಾಕಿನ ಚಾಳಿ ಬಂದಿತ್ತು. ಅಲ್ಲಿ ಹತ್ತಲು ಮೆಟ್ಟಿಲುಗಳೇ ಇರುತ್ತಿರಲಿಲ್ಲ, ಆದ್ದರಿಂದ ನಗಿಸಲು ಕಪಾಳಮೋಕ್ಷ ಮತ್ತು ದ್ವಂದ್ವಾರ್ಥ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಅದೇ 1990ರಲ್ಲಿ ಫಣಿ ರಾಮಚಂದ್ರ ನಿರ್ದೇಶಿಸಿದ ‘ಗಣೇಶನ ಮದುವೆ’ಯನ್ನು ನೋಡಿ. ವಠಾರದಲ್ಲಿ ಎದುರುಬದುರಾದರೆ ಕಚ್ಚಾಡುವ ಇಬ್ಬರು, ಹೆಸರು ಬೇರೆಯಾದ ಕಾರಣ ಗುರುತು ಹತ್ತದೆ ಒಲಿಯುತ್ತಾರೆ. ಪ್ರೇಕ್ಷಕನಿಗೆ ಗೊತ್ತಿರುವ ಗುಟ್ಟು ಅವರಿಗೆ ಗೊತ್ತಾಗುವುದನ್ನು ತಡಮಾಡುತ್ತಾ ಹೋಗುವುದರಲ್ಲೇ ಇಡೀ ಚಿತ್ರ ನಗಿಸುತ್ತದೆ. ಅನಂತನಾಗ್ ಒಂದು ಹುಬ್ಬು ಏರಿಸಿದರೆ ಸಾಕಾಗುವುದು ಆ ತಡದ ಬಲದಿಂದ.

ಎರಡನೆಯ ಗಡಿಯಾರ ಹಾಂಗ್‌ಕಾಂಗಿನದು. 1983ರಲ್ಲಿ ಜಾಕಿ ಚಾನ್ ತಾನೇ ನಿರ್ದೇಶಿಸಿ ನಟಿಸಿದ ‘ಪ್ರಾಜೆಕ್ಟ್ ಎ’ ಚಿತ್ರದಲ್ಲಿ, ಕೈಗೆ ಬೇಡಿ ಬಿದ್ದ ನಾಯಕ ಗಡಿಯಾರ ಗೋಪುರದ ಮುಳ್ಳಿಗೆ ಜೋತುಬಿದ್ದು, ಕೈಜಾರಿ, ಕೆಳಗಿರುವ ಎರಡು ಬಟ್ಟೆಯ ಚಪ್ಪರಗಳನ್ನು ಹರಿದುಕೊಂಡು ನೆಲಕ್ಕೆ ಬೀಳುತ್ತಾನೆ. ಲಾಯ್ಡ್‌ನ ಚಿತ್ರದ ಋಣ ಇದರಲ್ಲಿ ಎದ್ದು ಕಾಣುತ್ತದೆ, ಆದರೆ ಲಾಯ್ಡ್ ಬೀಳಲಿಲ್ಲ, ಚಾನ್ ಬಿದ್ದ. ಅದೂ ಒಂದು ಸಲವಲ್ಲ. ಹಲವು ಸಲ ಬಿದ್ದು, ಅದರಲ್ಲಿ ಎರಡು ಬೀಳುಗಳನ್ನು ಚಿತ್ರದಲ್ಲಿ ಒಂದರ ಹಿಂದೊಂದು ಇಟ್ಟಿದ್ದಾನೆ.

ನಮ್ಮ ಚಾಲಕರಿಗೆ ಈ ದೃಶ್ಯವೆಂದರೆ ದೇವರ ಪಟ. ಅವರ ಕಾರಣ ಕೇಳಲು ತಕ್ಕದ್ದು. ರಸ್ತೆಯ ಮೇಲೆ ಬದುಕು ಕಳೆದ ಅವರಿಗೆ ಯಾವ ವಾಹನ ಎಲ್ಲಿದೆ, ಎಷ್ಟು ದೂರದಲ್ಲಿದೆ, ಎಷ್ಟು ಭಾರವಿದೆ ಎಂಬುದು ತಿಳಿಯದಿದ್ದರೆ ಸಮಾಧಾನವಿಲ್ಲ. ಹೊಡೆದಾಟದಲ್ಲೂ ಅವರು ಹುಡುಕುವುದು ಅದನ್ನೇ. ಚಾನ್ ಬೀಳುವಾಗ ಕ್ಯಾಮೆರಾ ದೂರ ನಿಂತು, ಗೋಪುರದ ತಲೆಯಿಂದ ನೆಲದವರೆಗೆ ತೋರಿಸುತ್ತದೆ. ಮೊದಲ ಚಪ್ಪರ ಅವನ ವೇಗವನ್ನು ಎಷ್ಟು ತಗ್ಗಿಸಿತು, ಎರಡನೆಯದು ಅವನನ್ನು ಹೇಗೆ ತಿರುಗಿಸಿತು ಎಂಬುದು ನಮ್ಮ ಕಣ್ಣಿಗೇ ಕಾಣುತ್ತದೆ. ಇಂದಿನ ಎಷ್ಟೋ ಚಿತ್ರಗಳಲ್ಲಿ ಒಂದು ಏಟನ್ನು ಐದು ತುಂಡು ಮಾಡಿ ತೋರಿಸುವುದರಿಂದ, ಏಟು ಕೊಟ್ಟವರು ಯಾರು, ತಿಂದವರು ಯಾರು ಎಂಬುದನ್ನು ಹಿನ್ನೆಲೆಯ ಸದ್ದೇ ಹೇಳಬೇಕಾಗಿದೆ. ಸಾಹಸಚಿತ್ರದ ಲಾಜಿಕ್ ಭೂಮಿಯ ಲಾಜಿಕ್: ಮೇಲಿದ್ದದ್ದು ಕೆಳಗೆ ಬೀಳಬೇಕು, ಬಿದ್ದದ್ದಕ್ಕೆ ನೋಯಬೇಕು.

ಈ ವಿಷಯದಲ್ಲಿ ನಾನು ಚಾಲಕರ ಜೊತೆ ಪೂರ್ತಿ ಒಪ್ಪುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. 2018ರ ‘ಕೆಜಿಎಫ್’ ಮೊದಲ ಭಾಗಕ್ಕೆ ಸಾಹಸ ನಿರ್ದೇಶನಕ್ಕೂ ದೃಶ್ಯ ಪರಿಣಾಮಗಳಿಗೂ ರಾಷ್ಟ್ರಪ್ರಶಸ್ತಿ ಬಂದದ್ದನ್ನು ಅವರು ಸ್ವಂತ ಮಗನಿಗೆ ಬಂದಷ್ಟು ಹೆಮ್ಮೆಯಿಂದ ಹೇಳುತ್ತಾರೆ. ಆ ಹೆಮ್ಮೆ ನನ್ನದೂ ಹೌದು. ಆ ಚಿತ್ರದ ಗಣಿಯ ಕತ್ತಲೆ, ಧೂಳು, ಕೆಂಡದ ಬೆಳಕು ಕನ್ನಡ ಸಿನಿಮಾ ಅದುವರೆಗೆ ಕಾಣದಿದ್ದ ಭಾರವನ್ನು ತೆರೆಗೆ ತಂದವು. ಆದರೆ ಅದರ ಬೆನ್ನಿಗೇ ಬಂದ ಚಿತ್ರಗಳಲ್ಲಿ ಅನೇಕವು ಕಲಿತದ್ದು ಬಿಲ್ಡಪ್ಪನ್ನು ಮಾತ್ರ. ನಾಯಕ ನಿಧಾನಗತಿಯಲ್ಲಿ ನಡೆದು ಬರುತ್ತಾನೆ, ಸಿಗರೇಟು ಹೊತ್ತಿಸುತ್ತಾನೆ, ಅವನ ಬಗ್ಗೆ ನಾಲ್ಕು ಜನ ಬೇರೆ ಬೇರೆ ಕಡೆ ಕುಳಿತು ವರ್ಣಿಸುತ್ತಾರೆ. ಶಿಳ್ಳೆ ಹೊಡೆಯಲು ಅದು ಸಾಕು, ಮತ್ತು ಗಾಂಧಿ ಕ್ಲಾಸಿನಲ್ಲಿ ಕುಳಿತು ನಾನೂ ಶಿಳ್ಳೆ ಹೊಡೆದವನೇ. ಆದರೆ ಅದನ್ನು ಸಾಹಸವೆಂದು ಕರೆದರೆ ಗೋಪುರದಿಂದ ಬಿದ್ದವನಿಗೆ ಅನ್ಯಾಯವಾಗುತ್ತದೆ.

ಮೂರನೆಯ ಗಡಿಯಾರದ ಬಳಿ ಮೇಷ್ಟ್ರು ಕಾಯುತ್ತಿದ್ದಾರೆ. 1985ರ ‘ಬ್ಯಾಕ್ ಟು ದ ಫ್ಯೂಚರ್’ ಚಿತ್ರದಲ್ಲಿ ಹುಡುಗನೊಬ್ಬ ಕಾರಿನ ರೂಪದ ಕಾಲಯಂತ್ರದಲ್ಲಿ 1955ಕ್ಕೆ ಹೋಗಿ ಸಿಕ್ಕಿಬೀಳುತ್ತಾನೆ. ಯಂತ್ರ ಕೆಲಸ ಮಾಡಬೇಕಾದರೆ ಕಾರು ಗಂಟೆಗೆ 88 ಮೈಲಿ ವೇಗ ಮುಟ್ಟಬೇಕು ಮತ್ತು ಅಗಾಧವಾದ ವಿದ್ಯುತ್ತು ಬೇಕು. 1955ರಲ್ಲಿ ಅಷ್ಟು ವಿದ್ಯುತ್ತು ಸಿಗುವುದು ಸಿಡಿಲಿನಿಂದ ಮಾತ್ರ. ಊರಿನ ಗಡಿಯಾರ ಗೋಪುರಕ್ಕೆ ನವೆಂಬರ್ 12ರ ರಾತ್ರಿ 10 ಗಂಟೆ 4 ನಿಮಿಷಕ್ಕೆ ಸಿಡಿಲು ಹೊಡೆಯಿತೆಂಬುದು, ಚಿತ್ರದ ಆರಂಭದಲ್ಲೇ ಹುಡುಗನ ಕೈಗೆ ಯಾರೋ ತುರುಕಿದ ಕರಪತ್ರದಿಂದ ಅವನಿಗೆ ಗೊತ್ತು. ಕೊನೆಯಲ್ಲಿ ಮುದಿ ವಿಜ್ಞಾನಿ ತಂತಿ ಹಿಡಿದು ಅದೇ ಗಡಿಯಾರದ ಮುಳ್ಳಿಗೆ ಜೋತುಬೀಳುತ್ತಾನೆ. ನಿರ್ದೇಶಕ ರಾಬರ್ಟ್ ಝೆಮೆಕಿಸ್ ತನ್ನ ಸಾಲವನ್ನು ಮುಚ್ಚಿಟ್ಟಿಲ್ಲ: ಚಿತ್ರದ ಮೊಟ್ಟಮೊದಲ ದೃಶ್ಯದಲ್ಲಿ ಟಿಕ್‌ಟಿಕ್ ಎನ್ನುವ ಹತ್ತಾರು ಗಡಿಯಾರಗಳ ನಡುವೆ, ಮುಳ್ಳಿಗೆ ಜೋತುಬಿದ್ದ ಹೆರಾಲ್ಡ್ ಲಾಯ್ಡ್‌ನ ಪುಟ್ಟ ಬೊಂಬೆಯಿರುವ ಗಡಿಯಾರವೂ ಒಂದಿದೆ.

ಮೇಷ್ಟ್ರಿಗೆ ಈ ಚಿತ್ರದ ಮೇಲೆ ತಕರಾರುಗಳಿವೆ. ವಿದ್ಯುತ್ತಿನ ಅಳತೆಯಾದ ಗಿಗಾವ್ಯಾಟನ್ನು ಅಲ್ಲಿ ಜಿಗಾವ್ಯಾಟ್ ಎಂದು ಉಚ್ಚರಿಸುವುದು ಅವುಗಳಲ್ಲಿ ಅತಿ ಗಂಭೀರವಾದದ್ದು. ಆದರೂ ಅವರು ಈ ಚಿತ್ರವನ್ನು ಕ್ಷಮಿಸುತ್ತಾರೆ, ಏಕೆಂದರೆ ಅದು ಒಂದೇ ಒಂದು ಸುಳ್ಳು ಹೇಳಲು ಅನುಮತಿ ಕೇಳಿ, ಆ ಸುಳ್ಳಿನ ಷರತ್ತುಗಳನ್ನು ಮೊದಲೇ ಬಾಯಿಬಿಟ್ಟು ಹೇಳಿ, ಕೊನೆಯ ನಿಮಿಷದವರೆಗೂ ಅದಕ್ಕೆ ಬದ್ಧವಾಗಿರುತ್ತದೆ. ಕಾಲಯಾನ ಸಾಧ್ಯವೇ ಎಂದು ಮೇಷ್ಟ್ರು ಕೇಳುವುದಿಲ್ಲ. 88 ಎಂದ ಮೇಲೆ 80ಕ್ಕೆ ಯಂತ್ರ ಹೊರಟಿತೇ ಎಂದು ಮಾತ್ರ ಕೇಳುತ್ತಾರೆ. ನಮ್ಮ ಪುರಾಣಗಳನ್ನು ಕೇಳಿ ಬೆಳೆದವರಿಗೆ ಇದು ಹೊಸದೇನೂ ಅಲ್ಲ. ಮಗಳು ರೇವತಿಗೆ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದ ರಾಜ, ಹಾಡು ಮುಗಿಯಲೆಂದು ಕ್ಷಣಕಾಲ ಕಾದು ಹಿಂದಿರುಗುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದಿದ್ದವೆಂದು ಭಾಗವತ ಹೇಳುತ್ತದೆ. ಅಲ್ಲಿನ ಕ್ಷಣ ಇಲ್ಲಿನ ಯುಗ ಎಂಬ ಷರತ್ತನ್ನು ಒಪ್ಪಿಕೊಂಡ ಮೇಲೆ, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರಲ್ಲಿ ಒಬ್ಬರೂ ಬದುಕಿರಬಾರದು. ಕಥೆ ಅದನ್ನು ತಪ್ಪದೆ ಪಾಲಿಸುತ್ತದೆ.

ಕನ್ನಡದಲ್ಲಿ ಇಂಥ ಚಿತ್ರಗಳು ಏಕೆ ಕಡಿಮೆ ಎಂದು ಕೇಳಿದರೆ ಅಭಿಮಾನಿಗಳು ಒಕ್ಕೊರಲಿನಿಂದ ಕೊಡುವ ಉತ್ತರ ದುಡ್ಡು. 2002ರಲ್ಲಿಯೇ ಉಪೇಂದ್ರ ‘ಹಾಲಿವುಡ್’ ಚಿತ್ರದಲ್ಲಿ ಯಂತ್ರಮಾನವನಾಗಿ ಬಂದಿದ್ದರು, ಹಾಗಾಗಿ ಧೈರ್ಯ ಇರಲಿಲ್ಲವೆನ್ನುವಂತಿಲ್ಲ. ದುಡ್ಡಿನ ಮಾತಿಗೆ ನನ್ನ ಉತ್ತರ ‘ಬ್ಯಾಕ್ ಟು ದ ಫ್ಯೂಚರ್’ನ ಆ ಗಡಿಯಾರವೇ. ಅದಕ್ಕೆ ಮೊದಲು ಬರೆದ ಚಿತ್ರಕಥೆಯಲ್ಲಿ ಕಾಲಯಂತ್ರವೆಂದರೆ ಒಂದು ರೆಫ್ರಿಜರೇಟರ್ ಆಗಿತ್ತು, ಅಂತಿಮ ಘಟ್ಟ ಅಣುಬಾಂಬು ಪರೀಕ್ಷೆಯ ಮರುಭೂಮಿಯಲ್ಲಿ ನಡೆಯಬೇಕಿತ್ತು. ಅದಕ್ಕೆ ತಗಲುವ ಖರ್ಚು ಹೆಚ್ಚೆಂದು ಬಿಟ್ಟುಕೊಟ್ಟು, ಊರಿನ ಚೌಕದಲ್ಲಿದ್ದ ಗೋಪುರವನ್ನು ಹಿಡಿದುಕೊಂಡರು. ದುಡ್ಡು ಕೈಕೊಟ್ಟ ಜಾಗದಲ್ಲಿ ಹಳೆಯದೊಂದು ಹಾಸ್ಯಚಿತ್ರದ ನೆನಪು ಕೈಹಿಡಿಯಿತು.

ಇಷ್ಟೆಲ್ಲ ಅಮೆರಿಕ, ಹಾಂಗ್‌ಕಾಂಗ್ ಸುತ್ತಿ ಬಂದ ಮೇಲೆ ನಮ್ಮ ನಾಲ್ವರ ಜಗಳ ಒಮ್ಮೆ ಬೆಂಗಳೂರಿಗೆ ಬಂದು ನಿಂತಿತು. ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್ ಅವರ ಹೆಸರು ಹೇಳಿದರೆ ಮೇಷ್ಟ್ರು 1991ರ ತೆಲುಗು ‘ಆದಿತ್ಯ 369’ ಎನ್ನುತ್ತಾರೆ. ಅದರಲ್ಲಿ ಕಾಲಯಂತ್ರ ನಾಯಕನನ್ನು ಕೃಷ್ಣದೇವರಾಯನ ಆಸ್ಥಾನಕ್ಕೆ, ಅಂದರೆ ನಮ್ಮ ಹಂಪೆಗೆ, ತಂದಿಳಿಸುತ್ತದೆ. ಅಕ್ಕ ಮಾತ್ರ ಅದಕ್ಕೂ ನಾಲ್ಕು ವರ್ಷ ಹಿಂದೆ, 1987ರಲ್ಲಿ, ಅವರು ಶೃಂಗಾರ ನಾಗರಾಜ್ ಅವರೊಂದಿಗೆ ನಿರ್ಮಿಸಿ ನಿರ್ದೇಶಿಸಿದ ‘ಪುಷ್ಪಕ ವಿಮಾನ’ವನ್ನು ಬಿಟ್ಟುಕೊಡುವುದಿಲ್ಲ. ಬೆಂಗಳೂರಿನಲ್ಲಿ ನಡೆಯುವ ಆ ಕಥೆಯಲ್ಲಿ ಒಂದೇ ಒಂದು ಸಂಭಾಷಣೆಯಿಲ್ಲ. ಕೆಲಸವಿಲ್ಲದ ಯುವಕನಾಗಿ ಕಮಲಹಾಸನ್, ಕುಡಿದು ಬಿದ್ದಿದ್ದ ಶ್ರೀಮಂತನೊಬ್ಬನನ್ನು ತನ್ನ ಕೋಣೆಯಲ್ಲಿ ಕೂಡಿಹಾಕಿ, ಅವನ ಹೋಟೆಲ್ ಕೋಣೆಯಲ್ಲಿ ತಾನು ವಾಸ ಮಾಡುತ್ತಾನೆ. ಶ್ರೀಮಂತನನ್ನು ಕೊಲ್ಲಲು ಬಂದ ಬಾಡಿಗೆ ಹಂತಕ ಇವನ ಬೆನ್ನು ಹತ್ತುತ್ತಾನೆ, ಮತ್ತು ಅವನ ಆಯುಧ ಮಂಜುಗಡ್ಡೆಯ ಕಠಾರಿ.

ಕೊಂದ ಮೇಲೆ ಕರಗಿಹೋಗುವ ಆಯುಧ ಎಂದಾಗ ಮೇಷ್ಟ್ರು ಕುರ್ಚಿಯ ತುದಿಗೆ ಬಂದರು. ಕಠಾರಿ ಎಂದಾಗ ಚಾಲಕರು ಬಂದರು. ಆದರೆ ಹಂತಕನಿಗೆ ಅವಕಾಶ ಸಿಗುವುದು ತಡವಾಗುತ್ತಾ ಹೋದಂತೆ ಅವನ ಕೈಯಲ್ಲಿರುವುದು ನೀರಾಗುತ್ತದೆ, ಮತ್ತು ಅಕ್ಕ ಗೆದ್ದವಳ ಹಾಗೆ ನಗುತ್ತಾಳೆ. ಅಲ್ಲಿ ಗೋಪುರವೂ ಇಲ್ಲ, ಮುಳ್ಳೂ ಇಲ್ಲ. ತೊಟ್ಟಿಕ್ಕುವ ಆ ಮಂಜುಗಡ್ಡೆಯೇ ಗಡಿಯಾರ.

ಮಾತಿಲ್ಲದ ಆ ಚಿತ್ರವನ್ನು ಬಾನುಲಿಯಲ್ಲಿ ಕೇಳಿಸುವುದು ಹೇಗೆ ಎಂದು ಈ ಭಾಷಣ ಬರೆಯುವಾಗ ಯೋಚಿಸಿದೆ. ಕೇಳಿಸಬಹುದಾದ ಒಂದು ಸಂಗತಿ ಅದರಲ್ಲಿದೆ. ಚಿತ್ರಮಂದಿರದ ಮಗ್ಗುಲಲ್ಲಿದ್ದ ತನ್ನ ಹಳೆಯ ಕೋಣೆಯಲ್ಲಿ ದಿನವೂ ಹೊಡೆದಾಟದ ಸದ್ದಿನ ನಡುವೆ ಮಲಗಿ ಅಭ್ಯಾಸವಾದ ನಾಯಕನಿಗೆ, ಐಷಾರಾಮಿ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಹತ್ತುವುದಿಲ್ಲ. ಹಾಗಾಗಿ ಆ ಸದ್ದನ್ನು ಧ್ವನಿಮುದ್ರಿಸಿಕೊಂಡು ಬಂದು, ಮೆತ್ತನೆಯ ಹಾಸಿಗೆಯ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಗುಂಡಿ ಒತ್ತುತ್ತಾನೆ. ಡಿಶುಂ ಡಿಶುಂ ಎಂಬ ಏಟುಗಳು ಕೋಣೆ ತುಂಬುತ್ತವೆ, ನಾಯಕ ಮಗುವಿನಂತೆ ನಿದ್ದೆಹೋಗುತ್ತಾನೆ. ಈ ದೃಶ್ಯ ಹಾಸ್ಯದ್ದೋ ಸಾಹಸದ್ದೋ ಎಂಬ ಜಗಳ ನಮ್ಮಲ್ಲಿ ಇನ್ನೂ ನಡೆಯುತ್ತಿದೆ.

ನಮಸ್ಕಾರ.