ಹೊರದೇಶದ ಟಿವಿ ತರುವ ಮೊದಲು

ಕೇಳುಗರಿಗೆ ನಮಸ್ಕಾರ. ಅಮೆರಿಕದಿಂದ ಊರಿಗೆ ಮರಳುವವರು ಮನೆ ಸಾಮಾನಿನ ಜೊತೆ ದೊಡ್ಡ ಟಿವಿಯನ್ನೂ ಹಡಗಿಗೆ ಹಾಕಿಸುತ್ತಾರೆ. ಇಲ್ಲಿ ಸೆಟ್‌ಟಾಪ್ ಬಾಕ್ಸ್ ಜೋಡಿಸಿದರೆ ಪರದೆ ಕಪ್ಪು. ದಾರಿಯಲ್ಲಿ ಕೆಟ್ಟಿತೆಂದು ಮರುಗುತ್ತಾರೆ. ಕೆಟ್ಟಿರುವುದಿಲ್ಲ ಸ್ವಾಮಿ! ನಮ್ಮ ಬಾಕ್ಸ್ ಸೆಕೆಂಡಿಗೆ 50ರ ಲೆಕ್ಕದಲ್ಲಿ ಚಿತ್ರ ಕಳಿಸುತ್ತದೆ. ಅಮೆರಿಕದ ಮಾರುಕಟ್ಟೆಗೆಂದೇ ತಯಾರಾದ ಎಷ್ಟೋ ಟಿವಿಗಳಿಗೆ ಗೊತ್ತಿರುವುದು 60ರ ಲೆಕ್ಕ ಮಾತ್ರ. ಅದಕ್ಕೇ ಹೇಳುತ್ತೇನೆ, ದುಡ್ಡು ಕೊಡುವ ಮೊದಲು ಕೈಪಿಡಿ ಓದಿ.

ಈ 50, 60 ಬಂದದ್ದು ಕರೆಂಟಿನಿಂದ. ಅಮೆರಿಕದ ವಿದ್ಯುತ್ತು 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಆವರ್ತನ; ಯುರೋಪಿನದೂ ನಮ್ಮದೂ 50. ಚಿತ್ರದ ವೇಗ ಕರೆಂಟಿನ ವೇಗಕ್ಕೆ ಹೊಂದದಿದ್ದರೆ ಹಳೆಯ ಟಿವಿಗಳಲ್ಲಿ ಅಡ್ಡಪಟ್ಟಿ ಮೇಲೆ ಕೆಳಗೆ ತೇಲುತ್ತಿತ್ತು. ಹೀಗಾಗಿ ಅಮೆರಿಕ 1941ರಲ್ಲಿ ಚಿತ್ರಕ್ಕೆ 525 ಗೆರೆ, ಸೆಕೆಂಡಿಗೆ 30 ಫ್ರೇಮು, ಅಂದರೆ 30 ಪೂರ್ತಿ ಚಿತ್ರ, ಎಂದು ಗೊತ್ತುಮಾಡಿತು. ಒಂದೊಂದು ಫ್ರೇಮನ್ನೂ ಎರಡು ಪಾಲು ಮಾಡಿ ಕಳಿಸುವುದರಿಂದ ಅದು 60ಕ್ಕೆ ಸರಿಹೋಯಿತು. 625 ಗೆರೆ, 25 ಫ್ರೇಮಿನ ದಾರಿಯಲ್ಲಿ ನಮ್ಮ ದೂರದರ್ಶನ ನಡೆಯಿತು.

ಮುಂದಿನದು ನನಗೆ ಬಲು ಇಷ್ಟದ ಸಂಗತಿ. 1953ರಲ್ಲಿ ಅಮೆರಿಕಕ್ಕೆ ಬಣ್ಣ ಬೇಕಾಯಿತು. ಜನರ ಮನೆಯ ಕಪ್ಪುಬಿಳುಪು ಟಿವಿಗಳೂ ನಡೆಯಬೇಕು, ಒಂದು ಚಾನೆಲ್ಲಿಗೆ ಗಾಳಿಯಲ್ಲಿ ಕೊಟ್ಟಿದ್ದ ಅದೇ 6 ಮೆಗಾಹರ್ಟ್ಸ್ ಜಾಗದಲ್ಲಿ ಬಣ್ಣವನ್ನೂ ತುರುಕಬೇಕು. ಬಣ್ಣದ ತರಂಗ ಧ್ವನಿಯ ತರಂಗದೊಡನೆ ಸಿಕ್ಕಿಕೊಂಡು ಚಿತ್ರದ ಮೇಲೆ ಚುಕ್ಕಿಗಳು ಹರಿದಾಡುವ ಅಪಾಯವಿತ್ತು. ಧ್ವನಿಯನ್ನು ಕೊಂಚ ಸರಿಸಿದರೆ ಹಳೆಯ ಟಿವಿಗಳು ಮೂಕವಾದಾವೆಂಬ ಭಯ. ಕೊನೆಗೆ ಎಂಜಿನಿಯರುಗಳು ಚಿತ್ರದ ವೇಗವನ್ನೇ ಸಾವಿರದಲ್ಲಿ ಒಂದು ಪಾಲಿನಷ್ಟು ತಗ್ಗಿಸಿದರು. 30 ಇದ್ದದ್ದು 29.97 ಆಯಿತು. ಕಣ್ಣಿಗೇನೂ ತಿಳಿಯಲಿಲ್ಲ. ಆದರೆ 30ರಂತೆ ಫ್ರೇಮು ಎಣಿಸಿದರೆ ಗಂಟೆಗೆ 108 ಫ್ರೇಮು, ಅಂದರೆ ಗಡಿಯಾರಕ್ಕೂ ಎಣಿಕೆಗೂ 3.6 ಸೆಕೆಂಡು ವ್ಯತ್ಯಾಸ. ನಿಮಿಷ ನಿಮಿಷಕ್ಕೆ ಜಾಹೀರಾತು ಮಾರುವ ಕೇಂದ್ರಗಳಿಗೆ ಇದು ದೊಡ್ಡ ತಲೆನೋವು. ಪರಿಹಾರ ಎಷ್ಟು ಚೆಂದ ನೋಡಿ: ಪ್ರತಿ ನಿಮಿಷದ ಆರಂಭದಲ್ಲಿ ಎರಡು ಫ್ರೇಮ್ ಸಂಖ್ಯೆಗಳನ್ನು ಹಾರಿಸಿ ಎಣಿಸುವುದು, ಹತ್ತನೇ ನಿಮಿಷಗಳಲ್ಲಿ ಮಾತ್ರ ಹಾರಿಸದಿರುವುದು. ಗಂಟೆಯಲ್ಲಿ 54 ಸಲ ಎರಡೆರಡು, ಸರಿಯಾಗಿ 108! ಚಿತ್ರ ಒಂದೂ ಬಿಟ್ಟುಹೋಗುವುದಿಲ್ಲ, ಸಂಖ್ಯೆ ಮಾತ್ರ. 2009ರಲ್ಲಿ ಅಮೆರಿಕದ ದೊಡ್ಡ ಕೇಂದ್ರಗಳೆಲ್ಲ ಡಿಜಿಟಲ್ ಆದವು, ಆ 29.97 ಮಾತ್ರ ಹೋಗಲಿಲ್ಲ.

ಹೊತ್ತು ಓಡುತ್ತಿದೆ, ಟ್ಯೂನರ್ ವಿಷಯಕ್ಕೆ ಬರುತ್ತೇನೆ. ಗಾಳಿಯಲ್ಲಿ ಬರುವ ಚಾನೆಲ್ಲನ್ನು ಹಿಡಿಯುವುದು ಅದು. ಡಿಜಿಟಲ್ ಪ್ರಸಾರದ ಪದ್ಧತಿ ಒಂದೊಂದು ದೇಶದಲ್ಲಿ ಒಂದೊಂದು. ಅಮೆರಿಕ, ಕೆನಡಾ, ದಕ್ಷಿಣ ಕೊರಿಯದಲ್ಲಿ ಎಟಿಎಸ್‌ಸಿ, ಜಪಾನಿನಲ್ಲಿ ಐಎಸ್‌ಡಿಬಿ-ಟಿ, ಚೀನಾದಲ್ಲಿ ಡಿಟಿಎಂಬಿ, ಜರ್ಮನಿ, ಸಿಂಗಪುರದಲ್ಲಿ ಡಿವಿಬಿ-ಟಿ2. ಒಂದಕ್ಕೆ ಮಾಡಿದ ಟ್ಯೂನರ್ ಇನ್ನೊಂದನ್ನು ಹಿಡಿಯದು. ಎಚ್‌ಡಿಎಂಐ ತಂತಿಯಲ್ಲಿ ಬಾಕ್ಸ್ ಜೋಡಿಸುವವರಿಗೆ ಟ್ಯೂನರಿನ ಚಿಂತೆ ಇಲ್ಲ, 50ರ ಚಿಂತೆ ಇದ್ದೇ ಇದೆ.

ಟಿವಿಯ ಬೆನ್ನಿನ ಚೀಟಿಯನ್ನೂ ನೋಡಿ. '100-240 ವೋಲ್ಟ್' ಎಂದಿದ್ದರೆ ಪಿನ್ ಬದಲಿಸಿದರೆ ಸಾಕು. '120 ವೋಲ್ಟ್' ಎಂದಷ್ಟೇ ಇದ್ದರೆ ನಮ್ಮ 230ಕ್ಕೆ ನೇರವಾಗಿ ಚುಚ್ಚಲೇಬೇಡಿ, ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಬಹಳ ಜನ ಎಡವುವ ಜಾಗ ಇನ್ನೊಂದಿದೆ. ಅದೇ ಚೀಟಿಯಲ್ಲಿ '50/60 ಹರ್ಟ್ಸ್' ಎಂದು ಬರೆದಿರುವುದು ಕರೆಂಟಿನ ವಿಚಾರ, ಚಿತ್ರದ್ದಲ್ಲ. ಚಿತ್ರದ್ದು ಕೈಪಿಡಿಯಲ್ಲಿದೆ. ಎಚ್‌ಡಿಎಂಐ ಒಪ್ಪುವ ಚಿತ್ರಗಳ ಪಟ್ಟಿಯಲ್ಲಿ 1080, 50 ಹರ್ಟ್ಸ್ ಇದೆಯೇ ನೋಡಿ. ಇಲ್ಲದಿದ್ದರೆ ಬಾಕ್ಸಿನ ಸೆಟ್ಟಿಂಗಿನಲ್ಲಿ 60 ಹರ್ಟ್ಸ್ ಆಯ್ಕೆ ಉಂಟೇ ಹುಡುಕಿ. ಅದೂ ಇಲ್ಲದಿದ್ದರೆ ಆ ಟಿವಿಯನ್ನು ಅಲ್ಲೇ ಮಾರಿ ಬನ್ನಿ.

ಹೊರಗೆ ಹೋಗುವವರಿಗೊಂದು ಮಾತು. ಬ್ರಿಟನ್ನಿನಲ್ಲಿ ಯಾವುದೇ ಚಾನೆಲ್ಲನ್ನು ನೇರಪ್ರಸಾರದಲ್ಲಿ ನೋಡಲು ಲೈಸೆನ್ಸ್ ಬೇಕು, ಫೋನಿನಲ್ಲಿ ನೋಡಿದರೂ. ಜರ್ಮನಿಯಲ್ಲಿ ಟಿವಿ ಇಲ್ಲದ ಮನೆಯೂ ಪ್ರಸಾರ ಶುಲ್ಕ ಕಟ್ಟಬೇಕು. ಅದು ಮನೆಗೊಂದು, ತಲೆಗೊಂದಲ್ಲ. ಕೋಣೆ ಹಂಚಿಕೊಂಡಿರುವ ವಿದ್ಯಾರ್ಥಿಗಳು ಒಬ್ಬರ ಹೆಸರಲ್ಲಿ ಕಟ್ಟಿ, ಉಳಿದವರು ಆ ಶುಲ್ಕದ ಸಂಖ್ಯೆ ಬರೆದು ತಿಳಿಸಿದರೆ ಆಯಿತು.