ಒದೆತ ಗನ್ನಿನದೆಷ್ಟು, ಕೈಯದೆಷ್ಟು?

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನಗೆ ನಲವತ್ತು ನಿಮಿಷ ಕೊಟ್ಟಿದ್ದರು. ಸನ್ಮಾನ, ಹಾರ, ಫೋಟೋ ಎಲ್ಲ ಮುಗಿಯುವ ಹೊತ್ತಿಗೆ ಅದರಲ್ಲಿ ಅರ್ಧ ಖಾಲಿ. ಹಾಗಾಗಿ ಪೀಠಿಕೆ ಹಾಕುವುದಿಲ್ಲ.

ವಿಷಯ ಒದೆತ, ಅಂದರೆ ಹೊಡೆದಾಗ ಗನ್ ಹಿಂದಕ್ಕೆ ಕೈಗೆ ಕೊಡುವ ಪೆಟ್ಟು. ಇದನ್ನು ಆರಿಸಿಕೊಂಡದ್ದು ಸಿಟ್ಟಿನಿಂದ. ವಾಟ್ಸಾಪ್‌ನಲ್ಲಿ ಓಡಾಡುವ ಆ ತರಹದ ವೀಡಿಯೊಗಳು ನಿಮಗೂ ಬಂದಿರುತ್ತವೆ. ಮೊದಲ ಸಲ ಗನ್ ಹಿಡಿಯುವ ಹುಡುಗಿಯ ಕೈಗೆ ಯಾರೋ ದೊಡ್ಡ ರಿವಾಲ್ವರ್ ಕೊಡುತ್ತಾರೆ. ಆಮೇಲೆ ಮೊಬೈಲ್ ಹಿಡಿದು ಪಕ್ಕಕ್ಕೆ ನಿಲ್ಲುತ್ತಾರೆ. ಢಂ ಅನ್ನುತ್ತದೆ, ಗನ್ ಹಾರಿ ಹಣೆಗೆ ಬಡಿಯುತ್ತದೆ, ಹಿಂದಿದ್ದವರು ಕೇಕೆ ಹಾಕುತ್ತಾರೆ. ಹಾಗೆ ಕೊಡುವವನ ಲೈಸೆನ್ಸ್ ಕಿತ್ತುಕೊಳ್ಳಬೇಕು, ಅದು ಬೇರೆ ಮಾತು. ನನ್ನ ಸಿಟ್ಟು ಆ ವೀಡಿಯೊದ ಕೆಳಗೆ ನಮ್ಮ ಗುಂಪಿನವರೇ ಒಬ್ಬರು ಬರೆದ ಸಾಲಿನ ಮೇಲೆ: "ಲೇಡೀಸ್‌ಗೆ ಹಗುರದ ಗನ್ ಕೊಡಬೇಕಿತ್ತು." ಸ್ವಾಮಿ, ಹಗುರದ್ದೇ ಜಾಸ್ತಿ ಒದೆಯುವುದು!

ಲೆಕ್ಕ ತೀರಾ ಸುಲಭ. ಗುಂಡಿಗೆ ಮುಂದಕ್ಕೆ ಎಷ್ಟು ಆವೇಗವೋ, ಅಂದರೆ ತೂಕ ಗುಣಿಸು ವೇಗ, ಅಷ್ಟೇ ಗನ್‌ಗೆ ಹಿಂದಕ್ಕೆ ಸಿಗುತ್ತದೆ. ಹೈಸ್ಕೂಲಿನಲ್ಲಿ ಓದಿದ ನ್ಯೂಟನ್. 9 ಎಂಎಂ ಅಗಲದ ಗುಂಡು ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಅದರ ಹಿಂದೆಯೇ ನುಗ್ಗುವ ಮದ್ದಿನ ಗಾಳಿಯ ಪಾಲೂ ಇದೆ. 900 ಗ್ರಾಂನ ಪಿಸ್ತೂಲಿನಲ್ಲಿ ಹೊಡೆದರೆ ಗುಂಡಿಗೆ 490 ಜೂಲ್ ಶಕ್ತಿ, ಗನ್‌ಗೆ ಸುಮಾರು 6 ಜೂಲ್. ಅದೇ ರೌಂಡನ್ನು, ಅಂದರೆ ಗುಂಡು, ಮದ್ದು ಎಲ್ಲ ಸೇರಿದ ತೋಟಾವನ್ನು, 450 ಗ್ರಾಂನ ಪುಟ್ಟ ಪಿಸ್ತೂಲಿನಲ್ಲಿ ಹಾಕಿ. ಗುಂಡಿನ ಶಕ್ತಿ ಹೆಚ್ಚೇನೂ ಬದಲಾಗದು, ಗನ್‌ನದು 12 ಜೂಲ್. ತೂಕ ಅರ್ಧವಾದರೆ ಒದೆತದ ಶಕ್ತಿ ಎರಡರಷ್ಟು. ನಮ್ಮ ಹುಡುಗರು ದಿನಾ ಹೊಡೆಯುವ .22 ಪಿಸ್ತೂಲು (ಇಲ್ಲಿ ಗುಂಡಿನ ಅಗಲದ ಅಳತೆ ಇಂಚಿನಲ್ಲಿ) ಒಂದು ಕೆಜಿ ತೂಗುತ್ತದೆ. ಅಲ್ಲಿ ಲೆಕ್ಕ ಹಾಕಿದರೆ ಅರ್ಧ ಜೂಲ್ ಬರುತ್ತದೆ, ಅಷ್ಟೇ.

9 ಎಂಎಂ ಸಾಮಾನ್ಯ ಲೈಸೆನ್ಸ್‌ಗೆ ಸಿಗದ ಬೋರ್, ಅಂದರೆ ನಳಿಗೆಯ ಅಳತೆ, ಅಂತ ನಿಮಗೆ ಗೊತ್ತು. ಇಲ್ಲಿ ಕೂತಿರುವ ಪೊಲೀಸ್, ಮಿಲಿಟರಿಯವರಿಗೆ ಅದು ಪರಿಚಯ. ಉಳಿದವರ ಮನೆಯಲ್ಲಿ .32 ಇರುತ್ತದೆ. ಅದನ್ನೇ ನೋಡೋಣ. 2014ರಲ್ಲಿ ಕಾನ್ಪುರದ ಸರ್ಕಾರಿ ಆಯುಧ ಫ್ಯಾಕ್ಟರಿ 'ನಿರ್ಭೀಕ್' ಅಂತ ಒಂದು ರಿವಾಲ್ವರ್ ತಂದಿತು, ನೆನಪಿದೆಯಾ? ದೆಹಲಿಯ ಆ ಘೋರ ಪ್ರಕರಣದ ನಂತರ, ಮಹಿಳೆಯರಿಗಾಗಿ, ಟೈಟಾನಿಯಂ ಮಿಶ್ರಲೋಹದಲ್ಲಿ ಮಾಡಿದ್ದು. ತೂಕ ಸುಮಾರು 500 ಗ್ರಾಂ. ಆಗಿನ ಬೆಲೆ ಒಂದು ಲಕ್ಷದ ಮೇಲೆ. ಪರ್ಸ್‌ನಲ್ಲಿ ಇಟ್ಟುಕೊಳ್ಳುವುದಕ್ಕೆ ಹಗುರ, ಒಪ್ಪಿದೆ. ಆದರೆ ಗನ್ ಪರ್ಸ್‌ನಲ್ಲಿದ್ದಾಗ ಒದೆಯುವುದಿಲ್ಲ, ಹೊಡೆದಾಗ ಒದೆಯುತ್ತದೆ. ಹಳೇ ಕಬ್ಬಿಣದ .32 ರಿವಾಲ್ವರ್ ಸುಮಾರು 700 ಗ್ರಾಂ. ಅಲ್ಲಿಂದ 500ಕ್ಕೆ ಇಳಿದರೆ ಅದೇ ರೌಂಡಿಗೆ ಒದೆತದ ಶಕ್ತಿ ನೂರಕ್ಕೆ ನಲವತ್ತರಷ್ಟು ಜಾಸ್ತಿ. .32 ಮೆದು ರೌಂಡ್ ಆದ್ದರಿಂದ ಯಾರೂ ಬಿದ್ದುಹೋಗುವುದಿಲ್ಲ. ಆದರೂ, ಹಗುರ ಅಂದರೆ ಹೆಂಗಸರಿಗೆ ಸುಲಭ ಅನ್ನುವ ಮಾತು ಲೆಕ್ಕದಲ್ಲೇ ನಿಲ್ಲುವುದಿಲ್ಲ, ಅಲ್ವಾ?

ಸರಿ, ಲೆಕ್ಕದಲ್ಲಿ ಎಷ್ಟು ಜೂಲ್ ಅಂತ ಬಂತು. ಕೈಗೆ ಅನಿಸುವುದೇ ಬೇರೆ. ಇಲ್ಲಿ ಒಂದು ಕಥೆ ಹೇಳಲೇಬೇಕು. ನಮ್ಮ ಕ್ಲಬ್‌ನವರು ಕೇಳಿ ಕೇಳಿ ಸಾಕಾಗಿದ್ದೀರಿ, ಗೊತ್ತು. ಹೊಸಬರಿಗೋಸ್ಕರ ತಡೆದುಕೊಳ್ಳಿ.

ಪೊನ್ನಂಪೇಟೆ ಕಡೆಯ ಒಬ್ಬರು ಆಂಟಿ. ಕಾಫಿ ತೋಟದವರು. ಐದಡಿ ಎತ್ತರ, ಗಾಳಿ ಬಂದರೆ ಹಾರಿ ಹೋದಾರು ಅನ್ನುವ ಹಾಗಿದ್ದಾರೆ. ವಯಸ್ಸು ಅರವತ್ತು ದಾಟಿದೆ. ಅವರ ಅಣ್ಣನ ಮಗ ಬೆಂಗಳೂರಿನಿಂದ ಬಂದಿದ್ದ. ಆರಡಿ ಆಳು, ಜಿಮ್‌ಗೆ ಹೋಗುವವನು, ಟೀ ಶರ್ಟಿನ ತೋಳು ಹರಿಯುವ ಹಾಗೆ ಮೈ ಬೆಳೆಸಿದ್ದಾನೆ. ಇಬ್ಬರಿಗೂ ಒಂದೇ .32 ರಿವಾಲ್ವರ್, ಒಂದೇ ಡಬ್ಬಿಯ ರೌಂಡ್. ಮೊದಲು ಹುಡುಗ. ಹಿಡಿಯನ್ನು ತುದಿಯಲ್ಲಿ, ಎರಡು ಬೆರಳು ಜಾಗ ಮೇಲೆ ಬಿಟ್ಟು ಹಿಡಿದ. ನಾನು ತಿದ್ದಿದೆ, "ಗೊತ್ತು ಸಾರ್" ಅಂದ. ಮೊದಲ ಗುಂಡು ಟಾರ್ಗೆಟ್ ಕಾಗದದ ಕೆಳಗಿನ ಅಂಚಿಗೆ ಬಿತ್ತು. ಎರಡನೆಯದು ಮಣ್ಣಿನ ದಿಬ್ಬಕ್ಕೆ. ಆರು ಮುಗಿಸಿ ಗನ್ ಇಟ್ಟವನು ಅಂಗೈ ಉಜ್ಜಿಕೊಳ್ಳುತ್ತಾ, "ಸಾರ್, ಇದು ತುಂಬಾ ಒದೆಯುತ್ತೆ" ಅಂದ.

ಆಂಟಿ ಬಂದವರೇ ಮೊದಲು ಕೇಳಿದ್ದು, "ಕಿವಿಗೆ ಏನಾದ್ರೂ ಇದೆಯಾ?" ಹತ್ತಿ ಇಟ್ಟುಕೊಂಡರು, ಅದರ ಮೇಲೆ ಇಯರ್ ಮಫ್ ಹಾಕಿಕೊಂಡರು. ಹೆಬ್ಬೆರಳು ತೋರುಬೆರಳಿನ ನಡುವಿನ ಆ ಸಂದು ಇದೆಯಲ್ಲ, ಅದನ್ನು ಹಿಡಿಯ ತೀರಾ ಮೇಲಕ್ಕೆ ಒತ್ತಿ ಕೂರಿಸಿದರು. ಎಡಗೈ ಸುತ್ತಿದರು. ಸ್ವಲ್ಪ ಮುಂದಕ್ಕೆ ಬಾಗಿ ನಿಂತರು. ಆರು ಗುಂಡೂ ಒಂದು ಅಂಗೈ ಅಗಲದೊಳಗೆ. ಹುಡುಗ ಕೇಳಿದ, "ಆಂಟಿ, ನಿಮಗೆ ಒದೀಲಿಲ್ವಾ?" ಅವರು ಅಂದದ್ದು: "ಒದೀತಲ್ಲಾ. ಒದೆಯೋದು ಅದರ ಕೆಲಸ. ಅದಕ್ಕೆ ನಾನ್ಯಾಕೆ ಮೊದಲೇ ಹೆದರ್ಲಿ?"

ಕಥೆ ಮುಗಿದಿಲ್ಲ, ತಡೆಯಿರಿ. ಮುಂದಿನ ಸುತ್ತಿನಲ್ಲಿ ಹುಡುಗನಿಗೆ ನಾನೇ ತುಂಬಿಸಿ ಕೊಟ್ಟೆ. ಐದು ರೌಂಡ್, ನಡುವೆ ಎಲ್ಲೋ ಒಂದು ಡಮ್ಮಿ, ಅಂದರೆ ಮದ್ದಿಲ್ಲದ ಸುಳ್ಳು ರೌಂಡ್. ಎಲ್ಲಿ ಅಂತ ಅವನಿಗೆ ಗೊತ್ತಿಲ್ಲ. ಮೂರನೆಯದಕ್ಕೆ 'ಟಿಕ್' ಅಂತು. ಗುಂಡಿಲ್ಲ, ಸದ್ದಿಲ್ಲ, ಒದೆತವೂ ಇಲ್ಲ. ಆದರೂ ಗನ್‌ನ ಮೂತಿ ಎರಡು ಇಂಚು ಕೆಳಕ್ಕೆ ಬಗ್ಗಿತು! ಬರದ ಒದೆತವನ್ನು ತಡೆಯಲು ಅವನ ಮಣಿಕಟ್ಟು ಮೊದಲೇ ಗನ್ ತಳ್ಳಿಬಿಟ್ಟಿತ್ತು. ಹುಡುಗ ನಾಚಿ ಕೆಂಪಾದ. ಆಂಟಿ ನಗಲಿಲ್ಲ, ಅದು ಅವರ ದೊಡ್ಡತನ. ನಾನು ನಕ್ಕೆ.

ಯಾಕೆ ಹೀಗೆ ಅಂದರೆ, ಮದ್ದು ಹೊತ್ತಿಕೊಂಡ ಮೇಲೆ ಗುಂಡು ನಳಿಗೆ ಬಿಡಲು ಸುಮಾರು ಒಂದು ಮಿಲಿಸೆಕೆಂಡು ಸಾಕು. ಅಷ್ಟರಲ್ಲಿ ಗನ್ ಹಿಂದಕ್ಕೆ ಸರಿದಿರುವುದು ಹೆಚ್ಚೆಂದರೆ ಒಂದು ಮಿಲಿಮೀಟರ್ ಆಸುಪಾಸು. ಮನುಷ್ಯನ ಕೈ ಒಂದು ಪೆಟ್ಟಿಗೆ ಪ್ರತಿಕ್ರಿಯೆ ಕೊಡಲು ನೂರೈವತ್ತು, ಇನ್ನೂರು ಮಿಲಿಸೆಕೆಂಡು ಬೇಕು. ಅಂದರೆ ನಿಜವಾದ ಒದೆತ ನಿಮ್ಮ ಗುಂಡನ್ನು ಕೆಡಿಸುವುದು ತೀರಾ ಕಮ್ಮಿ. ಕೆಡಿಸುವುದು ಬರಲಿರುವ ಒದೆತದ ಭಯ. ಆ ಒಂದು ಮಿಲಿಮೀಟರಿಗೂ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ರಿವಾಲ್ವರಿನಲ್ಲಿ ಭಾರದ, ನಿಧಾನದ ಗುಂಡು ಹಾಕಿದರೆ ಟಾರ್ಗೆಟ್‌ನಲ್ಲಿ ಮೇಲೆ ಬೀಳುತ್ತದೆ, ಹಗುರದ ವೇಗದ ಗುಂಡು ಕೆಳಗೆ. ನಿಧಾನದ ಗುಂಡು ನಳಿಗೆಯಲ್ಲಿ ಜಾಸ್ತಿ ಹೊತ್ತು ಇರುತ್ತದೆ, ಅಷ್ಟರಲ್ಲಿ ಮೂತಿ ಎದ್ದಿರುತ್ತದೆ. ರಿವಾಲ್ವರಿನ ಮುಂದಿನ ಸೈಟ್, ಅಂದರೆ ಗುರಿ ನೋಡುವ ಕಡ್ಡಿ, ಅಷ್ಟು ಎತ್ತರ ಇರುವುದು ಇದಕ್ಕೇ: ಮೂತಿ ಮೊದಲೇ ಸ್ವಲ್ಪ ಕೆಳಗಿರಲಿ ಅಂತ.

ಇನ್ನು ಗನ್‌ನ ಕಡೆಗೆ ಬರೋಣ. ಒಂದೇ ರೌಂಡ್, ಹೆಚ್ಚೂಕಮ್ಮಿ ಒಂದೇ ತೂಕ, ಆದರೂ ಎರಡು ಪಿಸ್ತೂಲು ಬೇರೆ ಬೇರೆ ತರಹ ಒದೆಯುತ್ತವೆ. ನಳಿಗೆ ಕೈಗಿಂತ ಎಷ್ಟು ಮೇಲಿದೆ ನೋಡಿ. ಮೇಲೆ ಹೋದಷ್ಟೂ ಮೂತಿ ಜಾಸ್ತಿ ಎಗರುತ್ತದೆ. ರಿವಾಲ್ವರ್‌ಗಳಿಗೆ ಆ ರೋಗ ಹುಟ್ಟಿನಿಂದ. ಹಿಡಿಯ ಹಿಂಬದಿ ಸಣ್ಣದಿದ್ದರೆ ಅದೇ ಪೆಟ್ಟು ಚೂರು ಜಾಗದ ಮೇಲೆ ಬೀಳುತ್ತದೆ, ಉರಿಯುತ್ತದೆ. ಅಗಲದ ರಬ್ಬರ್ ಗ್ರಿಪ್ ಹಾಕಿಸಿದರೆ ಬೇರೆ ಗನ್ನೇ ಅನಿಸುತ್ತದೆ.

ಆಮೇಲೆ ಒಳಗಿನ ಯಂತ್ರ. ಜೇಮ್ಸ್ ಬಾಂಡ್ ಹಿಡಿಯುವ ವಾಲ್ಥರ್ ಪಿಪಿಕೆ ನೋಡಲು ಮುದ್ದಾಗಿದೆ. ಅದರ .380 ರೌಂಡ್ 9 ಎಂಎಂಗಿಂತ ಮೆದು. ಆದರೂ ಹೊಡೆದವರು ಬೈಯುತ್ತಾರೆ. ಕಾರಣ, ಅದರಲ್ಲಿ ನಳಿಗೆ ಮತ್ತು ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಲೋಹದ ಭಾಗ) ಒಂದಕ್ಕೊಂದು ಲಾಕ್ ಆಗುವುದಿಲ್ಲ. ಸ್ಲೈಡ್ ನೇರವಾಗಿ ಹಿಂದಕ್ಕೆ ರಪ್ಪಂತ ಬರುತ್ತದೆ. ಬ್ರೌನಿಂಗ್ ಮಾದರಿಯ ಪಿಸ್ತೂಲಿನಲ್ಲಿ ನಳಿಗೆ ಸ್ವಲ್ಪ ದೂರ ಸ್ಲೈಡ್ ಜೊತೆಗೇ ಹಿಂದೆ ಸರಿದು ಆಮೇಲೆ ಬಿಟ್ಟುಕೊಳ್ಳುತ್ತದೆ. ನಮ್ಮ ಬಂಗಾಳದ ಇಶಾಪುರದಲ್ಲಿ ತಯಾರಾಗುವ 9 ಎಂಎಂ ಪಿಸ್ತೂಲೂ ಇದೇ ಜಾತಿ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗ ಕೈಯನ್ನು ಚೆಂಡಿನ ಜೊತೆ ಹಿಂದಕ್ಕೆ ತರುತ್ತೀರಲ್ಲ, ಅದೇ ಉಪಾಯ. ಒಟ್ಟು ಆವೇಗ ಕಮ್ಮಿಯಾಗುವುದಿಲ್ಲ. ಅದು ಕೈಗೆ ಬರುವ ಹೊತ್ತು ಸ್ವಲ್ಪ ಉದ್ದವಾಗುತ್ತದೆ.

ಒದೆತವನ್ನು ಅಸಡ್ಡೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಎಫ್‌ಬಿಐಗಿಂತ ಒಳ್ಳೇ ಪಾಠ ಇಲ್ಲ. 1986ರ ಏಪ್ರಿಲ್ 11, ಮಿಯಾಮಿ. ಇಬ್ಬರು ದರೋಡೆಕೋರರ ಜೊತೆಗಿನ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರು ಸತ್ತರು. ದರೋಡೆಕೋರನಿಗೆ ಬಿದ್ದ ಒಂದು 9 ಎಂಎಂ ಗುಂಡು ಹೃದಯದ ಹತ್ತಿರ ಹೋಗಿ ನಿಂತುಬಿಟ್ಟಿತ್ತು. ಆ ಸಿಟ್ಟಿಗೆ ಅವರು ದೊಡ್ಡದಾದ 10 ಎಂಎಂ ತಂದರು. ಗುಂಡು ಜೋರಾಗಿತ್ತು, ಕೈ ಒಪ್ಪಲಿಲ್ಲ. ಮದ್ದು ಕಡಿಮೆ ಮಾಡಿ ಮೆದು ಮಾಡಿಸಿದರು. ಅಷ್ಟು ಕಮ್ಮಿ ಮದ್ದಿಗೆ ಅಷ್ಟು ದೊಡ್ಡ ಕೇಸ್, ಅಂದರೆ ಮದ್ದು ತುಂಬುವ ಹಿತ್ತಾಳೆ ಕೊಳವೆ, ಯಾಕೆ ಅಂತ 1990ರಲ್ಲಿ ಗಿಡ್ಡ ಕೇಸಿನ .40 ರೌಂಡ್ ಬಂತು. ಅಮೆರಿಕದ ಪೊಲೀಸರೆಲ್ಲ ಅದರ ಹಿಂದೆ ಓಡಿದರು. ಕೊನೆಗೆ 2014ರಲ್ಲಿ ಎಫ್‌ಬಿಐನ ತರಬೇತಿ ವಿಭಾಗವೇ ಬರೆದುಕೊಟ್ಟಿತು: ನಮ್ಮ ಬಹುಪಾಲು ಜನ 9 ಎಂಎಂನಲ್ಲೇ ಬೇಗ ಹೊಡೆಯುತ್ತಾರೆ, ಸರಿಯಾಗಿ ಹೊಡೆಯುತ್ತಾರೆ. ಅಷ್ಟರಲ್ಲಿ 9ರ ಗುಂಡುಗಳೂ ಸುಧಾರಿಸಿದ್ದವು. ಮೂರು ದಶಕ ಸುತ್ತಿ ಹೊರಟಲ್ಲಿಗೇ ಬಂದರು. ಮತ್ತೆ ಗಮನಿಸಿ, ಅಲ್ಲಿ ಕೈ ಸೋತವರೆಲ್ಲ ಹೆಂಗಸರೇ ಆಗಿರಲಿಲ್ಲ. ಗಟ್ಟಿಮುಟ್ಟಾದ ಗಂಡಸರೂ ಇದ್ದರು. ಆ ವಾಟ್ಸಾಪ್ ಮಹಾಶಯರು ಇಲ್ಲೇ ಕೂತಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ.

ಸ್ಪರ್ಧೆಯವರಿಗೆ ಒದೆತ ಅಂದರೆ ನೋವಿನ ಪ್ರಶ್ನೆ ಅಲ್ಲ, ಸಮಯದ್ದು. ವಿಜಯ್ ಕುಮಾರ್ 2012ರಲ್ಲಿ ಲಂಡನ್‌ನಲ್ಲಿ ಬೆಳ್ಳಿ ಗೆದ್ದ ರ‍್ಯಾಪಿಡ್ ಫೈರ್ ನೆನಪಿಸಿಕೊಳ್ಳಿ. ನಾಲ್ಕು ಸೆಕೆಂಡಿನಲ್ಲಿ ಐದು ಟಾರ್ಗೆಟ್‌ಗೆ ಐದು ಗುಂಡು, ಒಂದೇ ಕೈಯಲ್ಲಿ. ಎದ್ದ ಮೂತಿ ಇಳಿದು ಪಕ್ಕದ ಟಾರ್ಗೆಟ್‌ಗೆ ಹೋಗಿ ನಿಲ್ಲಬೇಕು, ಎಲ್ಲಾ ಸೇರಿ ಒಂದು ಸೆಕೆಂಡಿಗಿಂತ ಕಮ್ಮಿ. 2004ರವರೆಗೆ ಆ ಸ್ಪರ್ಧೆಯಲ್ಲಿ .22 ಶಾರ್ಟ್ ರೌಂಡ್ ಇತ್ತು. ಒದೆತ ಇಲ್ಲವೇ ಇಲ್ಲ ಅನ್ನಬಹುದಾದ ಗನ್‌ಗಳು. ಆಮೇಲೆ ನಿಯಮ ಬದಲಾಗಿ .22 ಲಾಂಗ್ ರೈಫಲ್ ಅನ್ನುವ ಉದ್ದದ ರೌಂಡ್ ಆಯಿತು. ಹಳಬರು ತುಂಬಾ ಗೊಣಗಿದರು. ಚೂರೇ ಚೂರು ಒದೆತ ಜಾಸ್ತಿಯಾದದ್ದಕ್ಕೆ ಹಿಡಿತ, ಲಯ ಎಲ್ಲಾ ಮತ್ತೆ ಕಲಿಯಬೇಕಾಯಿತು. ಏರ್ ಪಿಸ್ತೂಲಿಗೂ ಇದು ಬಿಟ್ಟದ್ದಲ್ಲ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. ಮಿಶ್ರ ತಂಡದಲ್ಲಿ ಬೆಳ್ಳಿ ತಂದ 10 ಮೀಟರ್ ಸ್ಪರ್ಧೆಯಲ್ಲಿ ಪೆಲೆಟ್ ತೂಕ ಅರ್ಧ ಗ್ರಾಂ. ಆ ಅರ್ಧ ಗ್ರಾಂನ ಅಲುಗಾಟವನ್ನೂ ನುಂಗಲು ಕೆಲವು ಪಿಸ್ತೂಲುಗಳ ಒಳಗೆ ಹಿಂದೆ ಮುಂದೆ ಸರಿಯುವ ಒಂದು ಪುಟ್ಟ ತೂಕ ಇಟ್ಟಿರುತ್ತಾರೆ.

ಅಧ್ಯಕ್ಷರು ವಾಚ್ ನೋಡುತ್ತಿದ್ದಾರೆ. ನಿಲುವು, ಮೊಣಕೈ, ವಯಸ್ಸಾದವರ ಮಣಿಕಟ್ಟು ಅಂತ ಇನ್ನೂ ನಾಲ್ಕು ಪುಟ ಇತ್ತು, ಬಿಟ್ಟೆ. ಸದ್ದಿನ ಬಗ್ಗೆ ಮಾತ್ರ ಹೇಳಿಬಿಡುತ್ತೇನೆ. ಹೊಸಬರು 'ಒದೀತು' ಅನ್ನುವುದರಲ್ಲಿ ದೊಡ್ಡ ಪಾಲು ಕಿವಿಯದು. ಪಿಸ್ತೂಲಿನ ಸದ್ದು 150 ಡೆಸಿಬೆಲ್ ದಾಟುತ್ತದೆ, ತಗಡಿನ ಸೂರಿನ ಕೆಳಗೆ ಇನ್ನೂ ಕೆಟ್ಟದಾಗಿ ಕೇಳುತ್ತದೆ. ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಎರಡನ್ನೂ ಹಾಕಿಸಿ. ಅದೇ ಗನ್ ಅರ್ಧ ಮೆದುವಾಯಿತು ಅಂತ ಅವರೇ ಹೇಳುತ್ತಾರೆ. ಆಂಟಿ ಮೊದಲು ಕಿವಿಯ ಬಗ್ಗೆ ಕೇಳಿದ್ದು ಸುಮ್ನೆ ಅಲ್ಲ.

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತು. ತೆಂಗಿನಕಾಯಿಗೆ ಗುರಿ ಇಡಲು ಮನೆಗೆ ಬಂದ ನೆಂಟರ ಹುಡುಗ ಹುಡುಗಿಯರೆಲ್ಲ ಸಾಲು ನಿಲ್ಲುತ್ತಾರೆ. ಮೊದಲ ಗುಂಡು .22ರಲ್ಲೇ ಇರಲಿ. ಜೋರಾಗಿ ಒದೆಯುವ 12 ಬೋರ್ ಕೋವಿ ಕೊಟ್ಟು ತಮಾಷೆ ನೋಡುವ ಮಾವಂದಿರನ್ನು ದೂರ ಇಡಿ. ನಾಳೆ ಬೆಳಿಗ್ಗೆ ಏಳಕ್ಕೆ ರೇಂಜ್ ತೆರೆದಿರುತ್ತದೆ, ಡಮ್ಮಿ ರೌಂಡ್ ನಾನೇ ತರುತ್ತೇನೆ. ತಮ್ಮ ಮೂತಿ ಬಗ್ಗುವುದಿಲ್ಲ ಅಂತ ನಂಬಿಕೆ ಇರುವವರು ಮೊದಲು ಬನ್ನಿ, ಅಧ್ಯಕ್ಷರೂ ಸೇರಿ. ನಮಸ್ಕಾರ.