ಊದುಬತ್ತಿ ಕೊಳವೆಯಲ್ಲಿ ವಿಮಾನದ ಪಾಠ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರು, ಮಂಡ್ಯ ಕಡೆಯವರಿಗೆ ಕನ್ನಂಬಾಡಿ ಕಟ್ಟೆ ಮನೆಯ ಮುಂದಿನ ಜಗಲಿ ಇದ್ದ ಹಾಗೆ. 124.80 ಅಡಿ ನೀರು ತುಂಬಿ ತಳ್ಳುತ್ತಿದ್ದರೂ ಆ ಗೋಡೆ ಜಗ್ಗುವುದಿಲ್ಲ. ಕಲ್ಲು ಮತ್ತು ಸುರ್ಕಿ ಗಾರೆಯ ತೂಕವೇ ಅದರ ಬಲ. ವಿಮಾನಕ್ಕೆ ಈ ಅನುಕೂಲ ಇಲ್ಲ. ಅದು ಗಟ್ಟಿಯಾಗಿರಬೇಕು, ಹಗುರವಾಗಿಯೂ ಇರಬೇಕು. ಪ್ರಯಾಣಿಕರ ವಿಮಾನದ ಮೇಲೆ ಬೀಳಬಹುದಾದ ಅತಿ ದೊಡ್ಡ ಹೊರೆಯನ್ನು ಲೆಕ್ಕ ಹಾಕಿ, ಸಾಮಾನ್ಯವಾಗಿ ಅದರ 1.5 ಪಟ್ಟು ತಡೆಯುವಂತೆ ಕಟ್ಟುತ್ತಾರೆ. ಅದಕ್ಕಿಂತ ಜಾಸ್ತಿ ಲೋಹ ಹಾಕಿದರೆ, ಅದನ್ನು ಪ್ರತಿ ಹಾರಾಟದಲ್ಲೂ ಹೊತ್ತುಕೊಂಡೇ ಹೋಗಬೇಕು.

ಏರೋಸ್ಪೇಸ್ ಇಂಜಿನಿಯರಿಂಗ್‌ನಲ್ಲಿ ನಾನು ಪಾಠ ಮಾಡುವ ಸ್ಟ್ರಕ್ಚರ್ಸ್ ವಿಷಯದ ತಿರುಳು ಇದೇ. ಮಕ್ಕಳು ಇದಕ್ಕೆ ಹೆದರುತ್ತಾರೆ. ಹೆದರಿ ಸೂತ್ರಗಳನ್ನು ಉರು ಹೊಡೆಯುತ್ತಾರೆ.

ಕೆಲವು ವರ್ಷಗಳ ಹಿಂದೆ ಪಾಂಡವಪುರ ಕಡೆಯ ಒಬ್ಬ ಹುಡುಗಿ ನನ್ನ ತರಗತಿಯಲ್ಲಿದ್ದಳು. ಒಂದು ಸಂಜೆ ನೋಟ್‌ಬುಕ್ ಹಿಡಿದು ಬಂದಳು. ಶಿಯರ್ ಫ್ಲೋ ಲೆಕ್ಕ, ಉತ್ತರ ಸರಿಯಾಗಿತ್ತು. "ಮೇಡಂ, ಉತ್ತರ ಬರುತ್ತೆ. ಆದ್ರೆ ಅದು ಏನು ಹೇಳ್ತಿದೆ ಅಂತ ಗೊತ್ತಾಗಲ್ಲ" ಅಂದಳು. ಆ ಮಾತು ನನಗೆ ನಾಟಿತು. ತಪ್ಪು ಅವಳದಲ್ಲ. ನಾನು ಬೋರ್ಡ್ ತುಂಬಾ ಬರೆದಿದ್ದೆ, ಕೈಗೆ ಏನನ್ನೂ ಕೊಟ್ಟಿರಲಿಲ್ಲ.

ಸ್ಟಾಫ್ ರೂಮಿನ ದೇವರ ಪಟದ ಹತ್ತಿರ ಖಾಲಿ ಊದುಬತ್ತಿ ಕೊಳವೆ ಇತ್ತು. ಉದ್ದನೆಯ, ದುಂಡಗಿನ ರಟ್ಟಿನ ಕೊಳವೆ. "ಬಟ್ಟೆ ಹಿಂಡೋ ಹಾಗೆ ತಿರುಚು" ಅಂದೆ. ತಿರುಚಿದಳು, ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಬ್ಲೇಡಿನಿಂದ ಈ ತುದಿಯಿಂದ ಆ ತುದಿಯವರೆಗೆ ಒಂದೇ ಒಂದು ಗೆರೆ ಸೀಳಿದೆ. ಒಂದು ಚೂರು ರಟ್ಟನ್ನೂ ತೆಗೆಯಲಿಲ್ಲ. ಈಗ ಎರಡೇ ಬೆರಳಲ್ಲಿ ತಿರುಚಿಕೊಂಡಿತು!

"ಸೀಳಿದ ಅಂಚು ನೋಡು" ಅಂದೆ. ಎರಡು ಅಂಚೂ ಒಂದರ ಪಕ್ಕದಲ್ಲಿ ಒಂದು ಹಿಂದೆ ಮುಂದೆ ಜಾರುತ್ತಿದ್ದವು. ಮೊದಲು ಆ ಜಾರಾಟವನ್ನು ತಡೆದು, ಕೊಳವೆಯ ಸುತ್ತ ಸುತ್ತುತ್ತಿದ್ದ ಬಲವೇ ಶಿಯರ್ ಫ್ಲೋ. ಸೀಳಿದ ಮೇಲೆ ಅದಕ್ಕೆ ಸುತ್ತು ಹಾಕಲು ದಾರಿ ಇಲ್ಲ. ನಂತರ ಅವಳೇ ಲೆಕ್ಕ ಮಾಡಿದಳು. ಕೊಳವೆಯ ತ್ರಿಜ್ಯ 15 ಮಿಲಿಮೀಟರ್, ದಪ್ಪ 1 ಮಿಲಿಮೀಟರ್ ಅಂತ ಇಟ್ಟುಕೊಂಡರೆ, ಮುಚ್ಚಿದ ಕೊಳವೆ ಸೀಳಿದ್ದಕ್ಕಿಂತ ತಿರುಚಲು 675 ಪಟ್ಟು ಬಿಗಿ. ಒಂದು ಗೆರೆಗೆ ಇಷ್ಟು ವ್ಯತ್ಯಾಸ.

ರೆಕ್ಕೆಯ ಒಳಗೂ ಇಂಥದೇ ಮುಚ್ಚಿದ ಪೆಟ್ಟಿಗೆ ಇದೆ. ಹಿಂದೆ ಮುಂದೆ ಎರಡು ಸ್ಪಾರ್, ಅಂದರೆ ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆಗಳು, ಮೇಲೆ ಕೆಳಗೆ ಲೋಹದ ಹಾಳೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಕೆಳಗಿನ ಹಾಳೆ ಎಳೆಯಲ್ಪಡುತ್ತದೆ, ಮೇಲಿನದು ಅದುಮಲ್ಪಡುತ್ತದೆ. ಅದುಮಿದ ತೆಳು ಹಾಳೆ ಮುರಿಯುವ ಮುಂಚೆಯೇ ಸೊಟ್ಟಗಾಗುತ್ತದೆ. ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಒತ್ತಿ ನೋಡಿ, ಬಳುಕುತ್ತದೆ ಅಲ್ವಾ? ನಡುವೆ ಬೆರಳಿಂದ ಅಲುಗಾಡದಂತೆ ಹಿಡಿದರೆ ಸುಮಾರು ನಾಲ್ಕು ಪಟ್ಟು ಹೊರೆ ತಾಳುತ್ತದೆ. ರೆಕ್ಕೆಯಲ್ಲಿ ಆ ಬೆರಳಿನ ಕೆಲಸವನ್ನು ಹಾಳೆಯ ಒಳಮೈಗೆ ಉದ್ದಕ್ಕೆ ಕೂರಿಸಿದ ಪಟ್ಟಿಗಳಾದ ಸ್ಟ್ರಿಂಗರ್‌ಗಳು, ಅಡ್ಡಕ್ಕೆ ನಿಲ್ಲಿಸಿದ ಪಕ್ಕೆಲುಬಿನಂಥ ರಿಬ್‌ಗಳು ಮಾಡುತ್ತವೆ. ಕೆಳಗಿನ ಹಾಳೆಗೆ ಬಿರುಕಿನ ಭಯ ಜಾಸ್ತಿ. ಅದಕ್ಕೇ ಎಷ್ಟೋ ಅಲ್ಯೂಮಿನಿಯಂ ವಿಮಾನಗಳಲ್ಲಿ ಮೇಲಕ್ಕೆ ಹೆಚ್ಚು ಬಲದ 7075, ಕೆಳಕ್ಕೆ ಬಿರುಕನ್ನು ನಿಧಾನಿಸುವ 2024 ಅನ್ನುವ ನಂಬರಿನ ಬೇರೆ ಬೇರೆ ಮಿಶ್ರಲೋಹ.

ಈ ವಿಷಯ ಓದುತ್ತಿರುವ ಮಕ್ಕಳೇ, ಕ್ಯಾಲ್ಕುಲೇಟರ್ ಮುಟ್ಟುವ ಮುಂಚೆ ಚಿತ್ರ ಬರೆಯಿರಿ. ಹೊರೆ ಎಲ್ಲಿ ಬೀಳುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ ಅಂತ ಬಾಣ ಹಾಕಿ. ದಾರಿ ಸಿಕ್ಕರೆ ಸೂತ್ರ ತಾನೇ ಅರ್ಥವಾಗುತ್ತದೆ.

ಅವತ್ತು ಆ ಹುಡುಗಿ ಸೀಳಿದ ಕೊಳವೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು: "ಮೇಡಂ, ಚಕ್ರ ಒಳಗೆ ಮಡಚೋಕೆ ಹೊಟ್ಟೇಲಿ ಅಷ್ಟು ದೊಡ್ಡ ಬಾಯಿ ಬಿಟ್ಟಿರ್ತಾರಲ್ಲ, ಅಲ್ಲೇನು ಗತಿ?" ಬಾಯಿಯ ಸುತ್ತ ದಪ್ಪನೆಯ ಚೌಕಟ್ಟು, ಗಟ್ಟಿ ಬೀಮುಗಳು. ಹಾಳೆಯಲ್ಲಿ ಹೋಗಬೇಕಾದ ಬಲ ಅವುಗಳ ಮೂಲಕ ಬಳಸಿಕೊಂಡು ಹೋಗುತ್ತದೆ. ಇಬ್ಬರೂ ಸೀಮೆಸುಣ್ಣ ಹಿಡಿದು ಬಾಣ ಹಾಕುತ್ತಾ ನಿಂತೆವು. ಅವಳ ಊರಿನ ಬಸ್ಸು ಹೋಗಿತ್ತು. ಕೊಳವೆಯನ್ನು ಬ್ಯಾಗಿಗೆ ಹಾಕಿಕೊಂಡು ಮುಂದಿನ ಬಸ್ಸಿಗೆ ಹೊರಟಳು.

ನಮಸ್ಕಾರ.